ಅಚ್ಚಿನಲ್ಲಿ ಉಳಿದ ಕಾರುಗಳು

ಜೋಳದ ದಂಟಿನ ಸಿಪ್ಪೆ ಸೀಳಿ ಕಡ್ಡಿ ಮಾಡಿ, ಒಳಗಿನ ಬೆಂಡಿಗೆ ಚುಚ್ಚಿ, ಬಂಡಿ ಕಟ್ಟಿ ಆಡಿದ ನೆನಪು ತಮ್ಮಲ್ಲಿ ಅನೇಕರಿಗೆ ಇದ್ದೀತು. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಕೆರೆಯ ಮಣ್ಣು ತಂದು ಜೋಡೆತ್ತು ಮಾಡಿ ಆ ಬಂಡಿಗೆ ಹೂಡಿದವರೂ ಇದ್ದೀರಿ. ಕಾಸರಗೋಡಿನ ಕಡೆ ಅಡಕೆ ಹಾಳೆಯ ಮೇಲೆ ಕುಳಿತು ಎಳೆಸಿಕೊಂಡ ಮಕ್ಕಳಿಗೆ ಆ ಹಾಳೆಯೇ ಕಾರು. ದೊಡ್ಡವರ ಲೋಕದಲ್ಲಿ ಓಡಾಡುವ ವಾಹನವನ್ನು ತಮ್ಮ ಕೈಗೆಟಕುವ ಹಾಗೆ ಮಾಡಿಕೊಳ್ಳುವ ಆಸೆ ಎಲ್ಲ ದೇಶದ ಮಕ್ಕಳಿಗೂ ಒಂದೇ. ಇದೇ ಆಸೆ ಅಮೆರಿಕದ ಮೋಟಾರು ನಗರ ಡೆಟ್ರಾಯಿಟ್ಟಿನಲ್ಲಿ, ಎರಡನೆಯ ಮಹಾಯುದ್ಧದ ನಂತರ ಒಂದು ದೊಡ್ಡ ಉದ್ಯಮವಾಗಿ ಬೆಳೆಯಿತು. ಪೆಟ್ಟಿಗೆಯಲ್ಲಿ ಬರುವ ಬಿಡಿಭಾಗಗಳನ್ನು ಅಂಟಿಸಿ ಪುಟ್ಟ ಕಾರನ್ನು ಕಟ್ಟುವ, ಅಂಥವನ್ನು ಸಂಗ್ರಹಿಸುವ ಹವ್ಯಾಸ ಅದು.

ಆಟದ ಸಾಮಾನಿಗೂ ಒಂದು ಚರಿತ್ರೆಯೇ ಎಂದು ತಾವು ಕೇಳಬಹುದು. ಚರಿತ್ರೆ ಎಂದರೆ ಉಳಿದ ವಸ್ತುಗಳಿಂದ ಅಳಿದದ್ದನ್ನು ತಿಳಿಯುವ ಕೆಲಸ ತಾನೆ? ಕಾರ್ಖಾನೆಯವರು ತಾವೇ ತಯಾರಿಸಿ ತಾವೇ ಜಜ್ಜಿ ಹಾಕಿದ ಕಾರೊಂದು ಸಾವಿರಾರು ಹುಡುಗರ ಕಪಾಟಿನಲ್ಲಿ ಉಳಿದುಕೊಂಡ ಸಂಗತಿಯನ್ನು ಕೇಳಿದ ಮೇಲೆ ಈ ಪ್ರಶ್ನೆಗೆ ತಾವೇ ಉತ್ತರ ಹೇಳಬಲ್ಲಿರಿ.

ಈ ಹವ್ಯಾಸದ ಬೇರು ಪ್ಲಾಸ್ಟಿಕ್ಕಿಗಿಂತ ಹಳೆಯದು. ಜನರಲ್ ಮೋಟಾರ್ಸ್ ಸಂಸ್ಥೆಯಲ್ಲಿ ಕಾರುಗಳ ಮೈಕಟ್ಟನ್ನು ತಯಾರಿಸುತ್ತಿದ್ದ ಫಿಷರ್ ಬಾಡಿ ಎಂಬ ವಿಭಾಗವು 1930ರಲ್ಲಿ ಹುಡುಗರಿಗಾಗಿ ಒಂದು ಸ್ಪರ್ಧೆಯನ್ನು ಆರಂಭಿಸಿತು. ನೆಪೋಲಿಯನ್ನನ ಕಾಲದ ರಾಜರಥವೊಂದರ ಪುಟ್ಟ ಪ್ರತಿಕೃತಿಯನ್ನು ಹುಡುಗರು ಸ್ವಂತ ಕೈಯಿಂದ ಮಾಡಬೇಕು. ಮರ ಕೆತ್ತಬೇಕು, ಲೋಹ ಬಗ್ಗಿಸಬೇಕು, ಒಳಗಿನ ಮೆತ್ತೆ ಹೊಲಿಯಬೇಕು, ಬಣ್ಣ ಹಚ್ಚಬೇಕು. ಗೆದ್ದವರಿಗೆ ಕಾಲೇಜು ಓದಲು ವಿದ್ಯಾರ್ಥಿವೇತನ. ಮುಂದೆ 1937ರಿಂದ ತಮ್ಮದೇ ಕಲ್ಪನೆಯ ಕಾರಿನ ಮಾದರಿ ಮಾಡುವ ಸ್ಪರ್ಧೆಯೂ ಸೇರಿತು. 1947ರಲ್ಲಿ ಇಲ್ಲಿ ಬಹುಮಾನ ಪಡೆದ ಚಕ್ ಜೋರ್ಡನ್ ಎಂಬ ಹುಡುಗ ಮುಂದೆ ಅದೇ ಜನರಲ್ ಮೋಟಾರ್ಸ್ ಸೇರಿ, 1986ರಲ್ಲಿ ಸಂಸ್ಥೆಯ ವಿನ್ಯಾಸ ವಿಭಾಗಕ್ಕೇ ಮುಖ್ಯಸ್ಥನಾದ. 1968ರವರೆಗೆ ನಡೆದ ಈ ಸ್ಪರ್ಧೆಯಲ್ಲಿ ಹುಡುಗಿಯರಿಗೆ ಮಾತ್ರ ಪ್ರವೇಶವಿರಲಿಲ್ಲ ಎಂಬುದನ್ನೂ ಹೇಳಲೇಬೇಕು.

ಆದರೆ ಮರದಲ್ಲಿ ಇಡೀ ಕಾರನ್ನು ಕೆತ್ತುವ ತಾಳ್ಮೆ, ಕೈಚಳಕ ಎಲ್ಲರಿಗೂ ಬಾರದು. ಸಾಮಾನ್ಯ ಹುಡುಗನ ಕೈಗೆ ಮಾದರಿ ಕಾರು ಬಂದದ್ದು ಬೇರೊಂದು ದಾರಿಯಿಂದ, ಅಂದರೆ ಕಾರು ಮಾರುವ ಅಂಗಡಿಯಿಂದ. ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಹೊಸ ಕಾರಿಗೆ ಎಲ್ಲಿಲ್ಲದ ಬೇಡಿಕೆ. ಆಗ ವೆಸ್ಟ್ ಗ್ಯಾಲೋಗ್ಲಿ ಎಂಬ ವಕೀಲರು 1948ರಲ್ಲಿ ಅಲ್ಯೂಮಿನಿಯಂ ಮಾಡೆಲ್ ಟಾಯ್ಸ್ ಎಂಬ ಸಂಸ್ಥೆಯನ್ನು ತೆರೆದರು. ಫೋರ್ಡ್ ಕಾರಿನ ಪುಟ್ಟ ಅಲ್ಯೂಮಿನಿಯಂ ಮಾದರಿ ತಯಾರಿಸಿ, ಅದಕ್ಕೆ ನಿಜವಾದ ಕಾರಿಗೆ ಬಳಿಯುವ ಬಣ್ಣವನ್ನೇ ಬಳಿದು, ಮಾರಾಟಗಾರರಿಗೆ ಒದಗಿಸುವುದು ಅವರ ವ್ಯವಹಾರ. ಅಪ್ಪ ಕಾರು ನೋಡುತ್ತಿರುವಾಗ ಮಗನ ಕೈಗೊಂದು ಪುಟ್ಟ ಕಾರು ಬಂದರೆ ವ್ಯಾಪಾರಕ್ಕೆ ಅನುಕೂಲವಲ್ಲವೇ? ಬಹುಬೇಗ ಅಲ್ಯೂಮಿನಿಯಂ ಹೋಗಿ ಪ್ಲಾಸ್ಟಿಕ್ ಬಂತು. ಸಂಸ್ಥೆಯ ಹೆಸರೂ ಕುಗ್ಗಿ ಎ.ಎಂ.ಟಿ. ಎಂಬ ಮೂರಕ್ಷರವಾಯಿತು.

ಆ ಕಾಲದ ಪ್ಲಾಸ್ಟಿಕ್ಕಿನಲ್ಲಿ ಒಂದು ದೋಷವಿತ್ತು. ಅಸಿಟೇಟ್ ಎಂಬ ಆ ವಸ್ತು ವರ್ಷ ಕಳೆದಂತೆ ಸೊಟ್ಟಗಾಗುತ್ತಿತ್ತು. ಇಂದಿಗೂ ಸಂಗ್ರಾಹಕರ ಬಳಿ ಇರುವ 1950ರ ದಶಕದ ಅನೇಕ ಮಾದರಿಗಳ ಚಾವಣಿ ಕುಸಿದು, ನಡು ಬಾಗಿ, ಮುಪ್ಪಡರಿದಂತೆ ಕಾಣುತ್ತದೆ. ಮುಂದೆ ಪಾಲಿಸ್ಟೈರೀನ್ ಬಂದ ಮೇಲೆ ಈ ತೊಂದರೆ ನೀಗಿತು.

ಇದೇ ವೇಳೆಗೆ ದೇಶದ ಇನ್ನೊಂದು ತುದಿಯ ಕ್ಯಾಲಿಫೋರ್ನಿಯಾದಲ್ಲಿ ಲೂಯಿಸ್ ಗ್ಲೇಸರ್ ಅವರ ರೆವೆಲ್ ಸಂಸ್ಥೆಯು 1951ರಲ್ಲಿ ‘ಹೈವೇ ಪಯೊನಿಯರ್ಸ್’ ಎಂಬ ಮಾಲೆಯನ್ನು ಹೊರತಂದಿತು. ಮೋಟಾರು ಯುಗದ ಆರಂಭಕಾಲದ ಹಳೆಯ ಕಾರುಗಳನ್ನು ಬಿಡಿಭಾಗಗಳಾಗಿ ಕೊಟ್ಟು, ಕೊಂಡವರೇ ಜೋಡಿಸಿಕೊಳ್ಳಲಿ ಎಂದು ಬಿಟ್ಟ ಮಾಲೆ ಇದು. ಕಾರಿನ ಆಟಿಕೆ ಕೊಳ್ಳುವುದು ಬೇರೆ, ಅದನ್ನು ಕಟ್ಟುವುದು ಬೇರೆ ಎಂಬ ರುಚಿ ಜನರಿಗೆ ಹತ್ತಿತು.

ಈ ಎರಡು ದಾರಿಗಳೂ 1958ರಲ್ಲಿ ಕೂಡಿದವು. ಮಾರಾಟಗಾರರಿಗಾಗಿ ಮಾಡಿದ ಅಚ್ಚುಗಳು ಎ.ಎಂ.ಟಿ.ಯವರ ಬಳಿ ಹೇಗೂ ಇದ್ದವು. ಅದೇ ವರ್ಷದ ಹೊಸ ಕಾರುಗಳನ್ನು ಜೋಡಿಸದೆ, 1/25 ಅಳತೆಯ ಬಿಡಿಭಾಗಗಳಾಗಿಯೇ ಪೆಟ್ಟಿಗೆಗೆ ತುಂಬಿ ಅವರು ಪೇಟೆಗೆ ಬಿಟ್ಟರು. 5 ಮೀಟರ್ ಉದ್ದದ ಕಾರು ಈ ಅಳತೆಯಲ್ಲಿ 20 ಸೆಂಟಿಮೀಟರ್ ಆಗುತ್ತದೆ. ಪೆಟ್ಟಿಗೆಯ ಮೇಲೆ ‘ಒಂದರಲ್ಲಿ ಮೂರು’ ಎಂಬ ಅರ್ಥದ ಬರಹ. ಕಾರ್ಖಾನೆಯಿಂದ ಬಂದಂತೆಯೇ ಕಟ್ಟಬಹುದು, ಇಷ್ಟದಂತೆ ಮಾರ್ಪಡಿಸಿ ಕಟ್ಟಬಹುದು, ಇಲ್ಲವೆ ಪಂದ್ಯದ ಕಾರು ಮಾಡಬಹುದು. ಮೂರಕ್ಕೂ ಬೇಕಾದ ಭಾಗಗಳು ಒಳಗೇ ಇರುತ್ತಿದ್ದವು. ಅಪ್ಪ ಕೊಂಡ ಕಾರನ್ನು ಮಗ ತನ್ನ ಇಷ್ಟದಂತೆ ತಿದ್ದಬಹುದು ಎಂಬ ಈ ಸ್ವಾತಂತ್ರ್ಯವೇ ಹವ್ಯಾಸವನ್ನು ಮನೆಮನೆಗೆ ಒಯ್ದಿತು.

ಪೆಟ್ಟಿಗೆ ತೆರೆದರೆ ಏನಿರುತ್ತಿತ್ತು? ಕಾಯಿ ತೊಟ್ಟಿಗೆ ಅಂಟಿದಂತೆ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡ ಹತ್ತಾರು ಭಾಗಗಳು. ಉಕ್ಕಿನ ಅಚ್ಚಿನೊಳಗೆ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ತುಂಬಿ, ತಣ್ಣಗಾದ ಮೇಲೆ ತೆಗೆದವು ಅವು. ಹುಡುಗ ಅವನ್ನು ಒಂದೊಂದಾಗಿ ಕತ್ತರಿಸಿ, ಅಂಚನ್ನು ಉಜ್ಜಿ ನಯಮಾಡಿ, ಅಂಟು ಹಚ್ಚಬೇಕು. ಈ ಅಂಟು ಗೋಂದಿನಂತಲ್ಲ; ಎರಡೂ ಅಂಚುಗಳನ್ನು ತುಸು ಕರಗಿಸಿ ಬೆಸುಗೆ ಹಾಕಿದಂತೆ ಒಂದು ಮಾಡುತ್ತದೆ. ಒಂದು ಹನಿ ಹೆಚ್ಚಾದರೆ ಕಾರಿನ ಮೈಮೇಲೆ ಬೆರಳಿನ ಗುರುತು ಶಾಶ್ವತ. ಜೊತೆಗಿರುವ ಸೂಚನಾ ಹಾಳೆಯಲ್ಲಿ ಇಂಜಿನ್ನು, ರೇಡಿಯೇಟರು, ಗೇರ್ ಪೆಟ್ಟಿಗೆ, ಹಿಂದಿನ ಅಚ್ಚುಮರ ಎಲ್ಲಿ ಕೂರಬೇಕು, ಯಾವುದರ ನಂತರ ಯಾವುದು ಎಂಬ ಚಿತ್ರಗಳು. ಕಾರಿನ ಹೊಟ್ಟೆಯೊಳಗೆ ಏನಿದೆ ಎಂಬುದನ್ನು ಒಂದು ತಲೆಮಾರು ಈ ಹಾಳೆಗಳಿಂದಲೇ ಕಲಿಯಿತು.

ಇಲ್ಲಿಯೇ ಒಂದು ವಿಚಿತ್ರ ನಡೆಯಿತು. ಉಕ್ಕಿನ ಅಚ್ಚು ಕೊರೆಯುವುದು ಬಹಳ ದುಬಾರಿ ಕೆಲಸ. ಡೆಟ್ರಾಯಿಟ್ಟಿನ ಕಾರುಗಳೋ ಪ್ರತಿ ವರ್ಷ ಮುಖ ಬದಲಿಸುತ್ತಿದ್ದವು. ಹೀಗಾಗಿ ಮಾದರಿ ತಯಾರಕರು ಅನೇಕ ಸಲ ಹಿಂದಿನ ವರ್ಷದ ಅಚ್ಚನ್ನೇ ತಿದ್ದಿ ಹೊಸ ವರ್ಷದ ಕಾರಿಗೆ ಬಳಸಿದರು. ಮುಂದಿನ ಜಾಲರಿ ಬದಲಾಯಿತು, ದೀಪಗಳು ಬದಲಾದವು, ಕೊನೆಗೆ ಬಾಗಿಲ ಗೆರೆಯನ್ನೂ ಅಳಿಸಿ ಅದೇ ಅಚ್ಚಿನಿಂದ ಪಂದ್ಯದ ಕಾರು ತೆಗೆದದ್ದೂ ಉಂಟು. ತಿದ್ದಿದ ಉಕ್ಕು ಹಿಂದಿನ ರೂಪಕ್ಕೆ ಬಾರದು. ಒಂದು ವರ್ಷದ ಕಾರು ಪೇಟೆಯಿಂದ ಹೋಯಿತೆಂದರೆ ಅದನ್ನು ಮತ್ತೆ ಎರಕ ಹೊಯ್ಯುವ ದಾರಿಯೇ ಮುಚ್ಚಿಹೋಗುತ್ತಿತ್ತು. ಕಟ್ಟದೆ ಉಳಿದ ಹಳೆಯ ಪೆಟ್ಟಿಗೆಗೆ ಸಂಗ್ರಾಹಕರು ಏಕೆ ಅಷ್ಟು ಬೆಲೆ ಕೊಡುತ್ತಾರೆ ಎಂಬುದಕ್ಕೆ ಇದೇ ಮುಖ್ಯ ಕಾರಣ.

ಈಗ ಆರಂಭದಲ್ಲಿ ಹೇಳಿದ ಕಾರಿನ ಮಾತಿಗೆ ಬರೋಣ. ಕ್ರೈಸ್ಲರ್ ಸಂಸ್ಥೆಯು 1963ರಲ್ಲಿ ಟರ್ಬೈನ್ ಕಾರು ಎಂಬ ಹೊಸ ಬಗೆಯ ವಾಹನವನ್ನು ಜನರ ಮುಂದಿಟ್ಟಿತು. ಇದರ ಇಂಜಿನ್ನಿನಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ನುಗಳಿಲ್ಲ. ಜೆಟ್ ವಿಮಾನದಲ್ಲಿರುವಂತೆ, ಉರಿಯುವ ಅನಿಲದ ರಭಸಕ್ಕೆ ಚಕ್ರ ತಿರುಗುತ್ತದೆ. ಸೀಮೆಎಣ್ಣೆ, ಡೀಸೆಲ್ ಯಾವುದನ್ನು ಹಾಕಿದರೂ ಓಡುವ ಇಂಜಿನ್ನು. ಮೈಕಟ್ಟನ್ನು ಇಟಲಿಯ ಟ್ಯೂರಿನ್ ನಗರದ ಘಿಯಾ ಕಾರ್ಖಾನೆಯಲ್ಲಿ ಕೈಯಿಂದ ಕಟ್ಟಿಸಿದ್ದರು. ತಯಾರಾದದ್ದು ಒಟ್ಟು 55 ಕಾರು. ಅವುಗಳಲ್ಲಿ 50ನ್ನು ಸಾಮಾನ್ಯ ಜನರಿಗೆ ಮೂರು ಮೂರು ತಿಂಗಳ ಮಟ್ಟಿಗೆ ಓಡಿಸಲು ಕೊಟ್ಟರು. 1966ರ ಆರಂಭದವರೆಗೆ 203 ಮಂದಿ ಹೀಗೆ ಓಡಿಸಿ ತಮ್ಮ ಅನುಭವ ಹೇಳಿದರು.

ಪ್ರಯೋಗ ಮುಗಿಯಿತು, ಕಾರುಗಳು ಮಾರಾಟಕ್ಕೆ ಬರಲಿಲ್ಲ. 55ರಲ್ಲಿ 46 ಕಾರುಗಳನ್ನು ಸಂಸ್ಥೆಯೇ ನಾಶ ಮಾಡಿತು. ಉಳಿದ 9 ಕಾರುಗಳಲ್ಲಿ ಹೆಚ್ಚಿನವು ವಸ್ತುಸಂಗ್ರಹಾಲಯಗಳ ಪಾಲಾದವು. ಆದರೆ ಆ ಹೊತ್ತಿಗಾಗಲೇ ಡೆಟ್ರಾಯಿಟ್ಟಿನ ಜೋ-ಹ್ಯಾನ್ ಎಂಬ ಸಣ್ಣ ಸಂಸ್ಥೆ ಇದರ ಮಾದರಿಯನ್ನು ಹೊರತಂದಿತ್ತು. ಜಾನ್ ಹೇನ್ಲಿ ಎಂಬವರು 1947ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ಅವರ ಹೆಸರಿನ ತುಣುಕುಗಳಿಂದಲೇ ಸಂಸ್ಥೆಯ ಹೆಸರು. ಟರ್ಬೈನ್ ಇಂಜಿನ್ನನ್ನೂ ಬಿಡಿಬಿಡಿಯಾಗಿ ತೋರಿಸಿದ ಆ ಕಿಟ್ಟು ತನ್ನ ನಿಖರತೆಗೆ ಹೆಸರಾಯಿತು. ನಿಜವಾದ ಕಾರಿನ ಹತ್ತಿರ ಸುಳಿಯುವ ಭಾಗ್ಯವಿಲ್ಲದ ಹುಡುಗ ಅಂಟು ಮೆತ್ತಿದ ಬೆರಳುಗಳಿಂದ ಆ ಇಂಜಿನ್ನನ್ನು ಜೋಡಿಸಿದ. ಕಾರ್ಖಾನೆಯ ಅಂಗಳದಲ್ಲಿ ಕಾರುಗಳು ಜಜ್ಜಿಹೋದವು. ಅವುಗಳ ಆಕಾರ, ಅವುಗಳ ಹಿಂದಿನ ಯೋಚನೆ ಊರೂರಿನ ಕಪಾಟುಗಳಲ್ಲಿ ಉಳಿದವು.

ಅಮೆರಿಕದ ತಯಾರಕರಿಗೆ ಕಾರು ಕಾರ್ಖಾನೆಗಳ ನಕ್ಷೆಗಳೇ ಸಿಗುತ್ತಿದ್ದವು. ಅಂಥ ನೆರೆ ಇಲ್ಲದ ಕಡೆ ಏನು ಮಾಡಬೇಕು? ಜಪಾನಿನ ಶಿಜುಒಕಾ ನಗರದ ತಮಿಯಾ ಸಂಸ್ಥೆ ಇದಕ್ಕೆ ಉತ್ತರ ಕೊಟ್ಟಿತು. 1946ರಲ್ಲಿ ಮರ ಕೊಯ್ಯುವ ಕಾರ್ಖಾನೆಯಾಗಿ ಹುಟ್ಟಿದ ಸಂಸ್ಥೆ ಅದು. ಮೊದಲು ಮರದ ಮಾದರಿಗಳನ್ನು ಮಾಡುತ್ತಿತ್ತು. ವಿದೇಶಿ ಪ್ಲಾಸ್ಟಿಕ್ ಕಿಟ್ಟುಗಳ ಎದುರು ಮರ ನಿಲ್ಲದೆಹೋದಾಗ 1960ರಲ್ಲಿ ತಾನೂ ಪ್ಲಾಸ್ಟಿಕ್ಕಿಗೆ ತಿರುಗಿತು. ಸ್ಥಾಪಕರ ಮಗ ಶುನ್‌ಸಾಕು ತಮಿಯಾ ಅವರು ಪೋರ್ಷೆ ಕಾರಿನ 1/12 ಅಳತೆಯ ಮಾದರಿ ಮಾಡುವಾಗ ಸಾಕಷ್ಟು ವಿವರ ಸಿಗಲಿಲ್ಲವೆಂದು ನಿಜವಾದ ಪೋರ್ಷೆಯೊಂದನ್ನೇ ಕೊಂಡು, ಬಿಚ್ಚಿ, ಭಾಗಭಾಗವಾಗಿ ನೋಡಿಸಿದರು. ಆ ಮಾದರಿ 1976ರಲ್ಲಿ ಹೊರಬಂತು. ಮಾಡಿದ ಖರ್ಚು ಮಾದರಿಯೊಂದರಿಂದಲೇ ಹುಟ್ಟುವಂತಿರಲಿಲ್ಲ. ಅದೇ ಮೈಕಟ್ಟನ್ನು ಬಳಸಿ ರೇಡಿಯೊ ಅಲೆಯಿಂದ ನಡೆಯುವ ಕಾರನ್ನೂ ಮಾಡಿ ಮಾರಿದರು. ಶುನ್‌ಸಾಕು ಅವರು 2025ರಲ್ಲಿ, ತಮ್ಮ 90ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅಷ್ಟರಲ್ಲಿ ಡೆಟ್ರಾಯಿಟ್ಟಿನ ಹಳೆಯ ಸಂಸ್ಥೆಗಳ ದಿನಮಾನ ಬದಲಾಗಿತ್ತು. 1973ರ ತೈಲ ಬಿಕ್ಕಟ್ಟಿನಿಂದ ತೈಲಮೂಲದ ಪ್ಲಾಸ್ಟಿಕ್ಕಿನ ಬೆಲೆಯೂ ಏರಿತು. ಮಕ್ಕಳಿಗೆ ಬೇರೆ ಆಟಗಳು ಬಂದವು. 1978ರಲ್ಲಿ ಎ.ಎಂ.ಟಿ. ಸಂಸ್ಥೆ ಇಂಗ್ಲೆಂಡಿನ ಮ್ಯಾಚ್‌ಬಾಕ್ಸ್ ಕಾರುಗಳ ತಯಾರಕರಾದ ಲೆಸ್ನಿಯವರ ಕೈಸೇರಿತು; 1980ರ ದಶಕದ ಆರಂಭದಲ್ಲಿ ಅಮೆರಿಕದ ಅರ್ಟಲ್ ಸಂಸ್ಥೆಗೆ, ಕಡೆಗೆ ರೌಂಡ್ 2 ಎಂಬ ಸಂಸ್ಥೆಗೆ. ಮನೆ ಬದಲಿಸುವಾಗ ಪಾತ್ರೆ ಪಗಡಿ ಕಳೆದುಹೋಗುವಂತೆ ಇಂಥ ಕೈಬದಲಾವಣೆಗಳಲ್ಲಿ ಎಷ್ಟೋ ಅಚ್ಚುಗಳು ಕಳೆದವು, ಮುರಿದವು, ಗುಜರಿಗೆ ಹೋದವು. ಹುಡುಗರಾಗಿದ್ದಾಗ ಕಟ್ಟಿದವರು ದೊಡ್ಡವರಾಗಿ, ಕೈಯಲ್ಲಿ ನಾಲ್ಕು ಕಾಸು ಬಂದಾಗ, ತಾವು ಕಳೆದುಕೊಂಡ ಕಾರುಗಳನ್ನು ಮತ್ತೆ ಹುಡುಕತೊಡಗಿದರು. ಕಟ್ಟುವ ಹವ್ಯಾಸದ ಪಕ್ಕದಲ್ಲಿ ಕೂಡಿಡುವ ಹವ್ಯಾಸ ಬಲವಾದದ್ದು ಹೀಗೆ.

ಈ ಎರಡಕ್ಕೂ ಒಂದು ಜಗಳವಿದೆ. ಪೆಟ್ಟಿಗೆ ತೆರೆಯದಿದ್ದರೆ ಬೆಲೆ ಹೆಚ್ಚು. ತೆರೆದು ಕಟ್ಟಿದರೆ ಬೆಲೆ ಇಳಿಯುತ್ತದೆ. ಕಟ್ಟುವುದಕ್ಕೆಂದೇ ಮಾಡಿದ್ದನ್ನು ಕಟ್ಟದೆ ಇಡುವುದು ಬಿತ್ತನೆಯ ಕಾಳನ್ನು ಬಿತ್ತದೆ ಇಟ್ಟಂತೆ ಎಂದು ಕಟ್ಟುವವರು ಗೇಲಿ ಮಾಡುತ್ತಾರೆ. ಆದರೆ ಸಂಗ್ರಾಹಕರ ಪಾಲಿಗೂ ಒಂದು ಮಾತಿದೆ. ಇತ್ತೀಚಿನ ವರ್ಷಗಳಲ್ಲಿ, ಅಚ್ಚು ಕಳೆದುಹೋದ ಕೆಲವು ಹಳೆಯ ಕಾರುಗಳನ್ನು, ಉಳಿದುಬಂದ ಹಳೆಯ ಕಿಟ್ಟುಗಳ ಭಾಗಗಳನ್ನು ಅಳೆದು, ಹೊಸ ಅಚ್ಚು ಕೊರೆದು ಮರಳಿ ತಂದಿದ್ದಾರೆ. ಯಾರೋ ಬಿತ್ತದೆ ಇಟ್ಟ ಕಾಳೇ ಬರಗಾಲ ಕಳೆದ ಮೇಲೆ ಬೀಜವಾಯಿತು ಎನ್ನಬೇಕು.

ಗಡಿಯಾಚೆಗಿನ ನಮ್ಮ ಊರುಗಳಿಗೆ ಈ ಕಥೆಯಲ್ಲಿ ಏನಿದೆ? ನಮ್ಮ ಜೋಳದ ದಂಟಿನ ಬಂಡಿಗೆ ಉಕ್ಕಿನ ಅಚ್ಚಿರಲಿಲ್ಲ, ಸೂಚನಾ ಹಾಳೆ ಇರಲಿಲ್ಲ. ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಬಂದದ್ದು. ಆದರೆ ಪುಟ್ಟ ಬಂಡಿ ಕಟ್ಟಬೇಕಾದರೆ ದೊಡ್ಡ ಬಂಡಿಯನ್ನು ನೋಡಲೇಬೇಕು. ನೋಡಿದ ಮಗು ಇದೇನು, ಅದೇನು ಎಂದು ಕೇಳುತ್ತದೆ. ನೊಗ, ಈಸು, ಗುಂಬ, ಅಚ್ಚು, ಕಡಾಣಿ ಎಂದು ಅಜ್ಜ ಹೇಳುತ್ತಾನೆ. ಈ ಮಾತುಗಳು ಶಾಲೆಯ ಪುಸ್ತಕದಲ್ಲಿ ಸಿಗುವಂಥವಲ್ಲ. ಶಾಲೆಯ ಭಾಷೆಯೇ ಬೇರೆಯಾದ ಊರುಗಳಲ್ಲಿ ಕೇಳುವುದೇ ಬೇಡ. ಬಂಡಿಯೇ ಅಂಗಳದಿಂದ ಹೋದ ಮೇಲೆ ಆ ಹೆಸರುಗಳು ನಿಲ್ಲುವುದಕ್ಕೆ ಬೇರೆ ಜಾಗ ಯಾವುದಿದೆ?

ತಮ್ಮ ಊರಿನಲ್ಲಿ ಬಂಡಿ ಕಟ್ಟಬಲ್ಲ ಬಡಿಗರು ಇನ್ನೂ ಇದ್ದರೆ, ಮಕ್ಕಳನ್ನು ಒಮ್ಮೆ ಅವರ ಹತ್ತಿರ ಕರೆದೊಯ್ಯಿರಿ. ಒಂದು ಗೇಣಿನ ಬಂಡಿ ಸಾಕು. ಪ್ರತಿ ಭಾಗದ ಹೆಸರನ್ನು ಒಂದು ಹಾಳೆಯಲ್ಲಿ ಬರೆಸಿ, ಬಂಡಿಯ ಜೊತೆಗೇ ಇಡಿಸಿ. ಡೆಟ್ರಾಯಿಟ್ಟಿನ ಹುಡುಗರು ಕಪಾಟಿನಲ್ಲಿ ಉಳಿಸಿದ್ದೂ ಅಷ್ಟೇ.