ಸಮಜೋಡಿಯ ನಿಯಮ: ರ್‍ಯಾಮ್ ಪಟ್ಟಿಗಳ ಒಂದು ಹಳೆಯ ಕಥೆ

ಲ್ಯಾಪ್‌ಟಾಪಿನ ರ್‍ಯಾಮ್ ಹೆಚ್ಚಿಸಲು ಹೊರಟವರಿಗೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಎರಡು ಪಟ್ಟಿಗಳೂ ಒಂದೇ ಅಳತೆಯವಾಗಿರಬೇಕು, 4 ಜಿಬಿಯ ಪಕ್ಕದಲ್ಲಿ 8 ಜಿಬಿ ಕೂಡದು. ನೊಗಕ್ಕೆ ಸಮನಾದ ಎತ್ತುಗಳನ್ನೇ ಹೂಡಬೇಕೆಂಬ ರೈತನ ವಿವೇಕದಂತೆ ಕೇಳಿಸುವುದರಿಂದ ಇದನ್ನು ಪ್ರಶ್ನಿಸುವವರು ಕಡಿಮೆ. ಚೆನ್ನಾಗಿರುವ ಹಳೆಯ ಪಟ್ಟಿಯನ್ನು ಕಿತ್ತಿಟ್ಟು, ಹೊಸ ಜೋಡಿಗೆ ಹಣ ತೆರುತ್ತಾರೆ.

ಈ ನಿಯಮ ಸುಳ್ಳಿನಿಂದ ಹುಟ್ಟಿದ್ದಲ್ಲ. 30 ಪಿನ್ನಿನ ಸಿಮ್ ಎಂಬ ಹಳೆಯ ಪಟ್ಟಿ ಒಮ್ಮೆಗೆ 8 ಬಿಟ್‌ಗಳನ್ನು ಮಾತ್ರ ಕೊಡಬಲ್ಲದಾಗಿತ್ತು; 486 ಸಂಸ್ಕಾರಕ ಕೇಳುತ್ತಿದ್ದುದು 32 ಬಿಟ್. ಆದುದರಿಂದ ಸಮನಾದ ನಾಲ್ಕು ಪಟ್ಟಿಗಳು ಬೇಕೇಬೇಕು. 1993ರಲ್ಲಿ ಬಂದ ಪೆಂಟಿಯಂ 64 ಬಿಟ್ ಕೇಳಿತು. 72 ಪಿನ್ನಿನ ಸಿಮ್ ಕೊಡುತ್ತಿದ್ದುದು 32. ಹೀಗೆ ಸಮಜೋಡಿ ಸಾಮಾನ್ಯವಾಗಿ ಅನಿವಾರ್ಯವಾಯಿತು. ಒಂದೇ ಪಟ್ಟಿ 64 ಬಿಟ್ ಕೊಡುವ ಡಿಮ್, ಲ್ಯಾಪ್‌ಟಾಪಿಗಾಗಿ ಅದರ ಕಿರಿಯ ರೂಪವಾದ 144 ಪಿನ್ನಿನ ಸೋ-ಡಿಮ್, ಇವು ಬಂದ ಮೇಲೆ ನಿಯಮಕ್ಕಿದ್ದ ಕಾರಣವೇ ಹೋಯಿತು.

ಆದರೆ ನಿಯಮ ಹೋಗಲಿಲ್ಲ. ಬೇರೊಂದು ವೇಷದಲ್ಲಿ ಮರಳಿತು. 2001ರ ಎನ್‌ವಿಡಿಯಾ ಎನ್‌ಫೋರ್ಸ್, 2003ರ ಇಂಟೆಲ್ 865 ಮತ್ತು 875 ಚಿಪ್‌ಸೆಟ್‌ಗಳು ಎರಡು ಪಟ್ಟಿಗಳನ್ನು ಏಕಕಾಲದಲ್ಲಿ ಓದುವ ಡ್ಯುಯಲ್ ಚಾನೆಲ್ ಪದ್ಧತಿಯನ್ನು ಮನೆಯ ಗಣಕಗಳಿಗೆ ತಂದವು. ಈಗ ಸಮಜೋಡಿ ಬೇಕಾದದ್ದು ಯಂತ್ರ ನಡೆಯುವುದಕ್ಕಲ್ಲ, ವೇಗಕ್ಕೆ. ಆ ದಶಕದ ಮಧ್ಯದಲ್ಲೇ ಇಂಟೆಲ್ ಫ್ಲೆಕ್ಸ್ ಮೆಮೊರಿ ಎಂಬ ಏರ್ಪಾಡಿನಿಂದ ಆ ಕಟ್ಟನ್ನೂ ಸಡಿಲಿಸಿತು. 4 ಜಿಬಿಯ ಜೊತೆ 8 ಜಿಬಿ ಹಾಕಿದರೆ, ಎರಡರಿಂದಲೂ ನಾಲ್ಕು ನಾಲ್ಕು ಸೇರಿ 8 ಜಿಬಿ ಜೋಡಿಯಾಗಿ ಓಡುತ್ತದೆ. ಮಿಕ್ಕ 4 ಜಿಬಿ ಒಂಟಿಯಾಗಿ ನಡೆಯುತ್ತದೆ. ತಯಾರಕರೇ 2007-09ರ ಸುಮಾರಿಗೆ 2 ಮತ್ತು 1 ಜಿಬಿ ಪಟ್ಟಿಗಳ 3 ಜಿಬಿ ಲ್ಯಾಪ್‌ಟಾಪುಗಳನ್ನು ಧಾರಾಳವಾಗಿ ಮಾರಿದರು. ಅಂದಿನ 32 ಬಿಟ್ ವಿಂಡೋಸ್ ಪೂರ್ತಿ 4 ಜಿಬಿಯನ್ನು ಬಳಸಲಾರದಾಗಿತ್ತು ಎಂಬುದೂ ಅದಕ್ಕೊಂದು ಕಾರಣ. ಅಂಗಡಿಯ ಉಪದೇಶಕ್ಕೆ ಇದಕ್ಕಿಂತ ಉತ್ತರ ಬೇಕೆ?

ಒಂಟಿ ಭಾಗದಿಂದ ನಷ್ಟವಿಲ್ಲವೆಂದಲ್ಲ. ಗ್ರಾಫಿಕ್ಸ್‌ಗೆ ಪ್ರತ್ಯೇಕ ಸ್ಮರಣೆಯಿಲ್ಲದ ಲ್ಯಾಪ್‌ಟಾಪಿನಲ್ಲಿ ಆಟವಾಡುವವರಿಗೆ ಅದು ತಿಳಿಯಬಹುದು. ಬರೆಯುವ, ಓದುವ, ಪಾಠ ಕೇಳುವ ವಿದ್ಯಾರ್ಥಿಗೆ ತಿಳಿಯದು. ರ್‍ಯಾಮ್ ಸಾಲದೆ ಯಂತ್ರ ಡಿಸ್ಕಿನ ಮೊರೆಹೋದಾಗ ಆಗುವ ನಿಧಾನ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಕೆಲಸಕ್ಕೆ 8 ಜಿಬಿ ಸಾಲದೆ ಬಂದಾಗ, ಸಮಜೋಡಿಯ 8ಕ್ಕಿಂತ ವಿಷಮಜೋಡಿಯ 12 ಮೇಲೆಂದೇ ನನ್ನ ಅಭಿಪ್ರಾಯ.

ನಿಜವಾಗಿ ಹೊಂದಲೇಬೇಕಾದವು ಬೇರೆ. ಡಿಡಿಆರ್3 ಪಟ್ಟಿ ಡಿಡಿಆರ್4ರ ಗೂಡಿಗೆ ಕೂರುವುದಿಲ್ಲ, ಒತ್ತಿ ಕೂರಿಸಬಾರದು. 1.35 ವೋಲ್ಟಿನ ಪಟ್ಟಿಯನ್ನೇ ಬಯಸುವ ಯಂತ್ರಕ್ಕೆ 1.5 ವೋಲ್ಟಿನದು ಆಗದು. ವೇಗಗಳು ಬೇರೆಯಾದರೆ ಎರಡೂ ಸಾಮಾನ್ಯವಾಗಿ ನಿಧಾನದ ವೇಗಕ್ಕೆ ಇಳಿಯುತ್ತವೆ. ಒಂದು ಗೂಡು ಗರಿಷ್ಠ ಎಷ್ಟು ಜಿಬಿ ತಾಳುತ್ತದೆಂಬುದನ್ನು ಕೈಪಿಡಿಯಲ್ಲಿ ನೋಡಿಯೇ ಕೊಳ್ಳಬೇಕು.

ಸ್ವಲ್ಪ ರ್‍ಯಾಮನ್ನು ಬೆಸುಗೆ ಹಾಕಿ, ಒಂದೇ ಗೂಡು ಬಿಟ್ಟಿರುವ ಲ್ಯಾಪ್‌ಟಾಪುಗಳು ಈಗ ಅನೇಕ. 2023ರ ಡಿಸೆಂಬರಿನಲ್ಲಿ ಜೆಡೆಕ್ ಸಂಸ್ಥೆ ಕ್ಯಾಮ್2 ಎಂಬ ಚಪ್ಪಟೆ ಪಟ್ಟಿಯ ಮಾನದಂಡವನ್ನು ಪ್ರಕಟಿಸಿತು. ಅದರ ಒಂದೇ ಪಟ್ಟಿ 128 ಬಿಟ್ ಅಗಲದ್ದಾಗಿರಬಹುದು; ಅಲ್ಲಿಗೆ ಜೋಡಿಯ ಮಾತೇ ಏಳುವುದಿಲ್ಲ.