ಅಜಿಹ್ಮಗ: ಮೈಸೂರಿನ ಅಗ್ನಿಬಾಣದ ಗುರಿಯ ವಿಚಾರ

ಅಮರಕೋಶದಲ್ಲಿ ಬಾಣಕ್ಕೆ ಹೇಳಿರುವ ಪರ್ಯಾಯಪದಗಳಲ್ಲಿ 'ಅಜಿಹ್ಮಗ'ವೆಂಬುದೊಂದು. ವಕ್ರವಾಗಿ ಹೋಗದಿರುವುದೆಂದು ಅದರ ಅರ್ಥ. 'ಪತ್ರೀ' ಎಂಬ ಇನ್ನೊಂದು ಹೆಸರು ಆ ನೇರನಡೆಗೆ ಕಾರಣವಾದ ಗರಿಗಳನ್ನು ಸೂಚಿಸುತ್ತದೆ. ಕನ್ನಡ ನಾಡಿನಲ್ಲಿ ಮದ್ದಿನ ಬಲದಿಂದ ಹಾರುವ ಆಯುಧಕ್ಕೂ ಬಾಣವೆಂಬ ಹೆಸರೇ ಸಂದಿತು. ಬಾಣಬಿರುಸೆಂಬ ಜೋಡುನುಡಿ ಇಂದಿಗೂ ಬಳಕೆಯಲ್ಲಿದೆ. ಹೈದರ್ ಮತ್ತು ಟಿಪ್ಪುವಿನ ಸೈನ್ಯಗಳ ಈ ಬಾಣದ ದೂರವನ್ನೂ ಭಯಂಕರತೆಯನ್ನೂ ವರ್ಣಿಸಿದವರು ಬಹುಮಂದಿ. ಅದು ಅಜಿಹ್ಮಗವಾಗಿತ್ತೇ, ಒಂದು ಬಾಣವು ಹೋದಂತೆ ಮತ್ತೊಂದು ಹೋಗುತ್ತಿತ್ತೇ ಎಂದು ವಿಚಾರಿಸಿದವರು ವಿರಳ.

ಬೆಂಗಳೂರಿನಿಂದ ಯಲಹಂಕ, ಕೋಗಿಲುಗಳ ಸೀಮೆಯನ್ನು ಹಾದು ದೇವನಹಳ್ಳಿಗೆ ಹೋಗುವ ದಾರಿ ಈ ಇತಿಹಾಸಕ್ಕೆ ಹೊರತಾದುದಲ್ಲ. ದೇವನಹಳ್ಳಿ ಟಿಪ್ಪುವಿನ ಜನ್ಮಸ್ಥಳ. ಬೆಂಗಳೂರಿನ ತಾರಾಮಂಡಲಪೇಟೆಗೆ ಬಾಣದ ಕೆಲಸದಿಂದಲೇ ಆ ಹೆಸರು ಬಂದಿತೆಂದು ಪ್ರತೀತಿ. 1791ನೆಯ ಮಾರ್ಚಿಯಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸನ ಸೇನೆ ಆ ತಿಂಗಳ ಕೊನೆಗೆ ಈ ದಿಕ್ಕಿಗೇ ತಿರುಗಿತು.

ಮೈಸೂರಿನ ಕಮ್ಮಾರರ ವಿಶೇಷವು ಬಡಿದ ಕಬ್ಬಿಣದ ಕೊಳವೆಯಲ್ಲಿದೆ. ಕಾಗದದ ಕೊಳವೆಯಲ್ಲಿ ಮದ್ದನ್ನು ಬಿಗಿಯಾಗಿ ಗಿಡಿದರೆ ಕೊಳವೆಯೇ ಸಿಡಿಯುವುದು; ಕಬ್ಬಿಣದ್ದಾದರೆ ಹೆಚ್ಚಿನ ಒತ್ತಡವನ್ನು ತಾಳಿಕೊಳ್ಳುವುದು. ಇದರಿಂದ ದೂರವು ಹೆಚ್ಚಿತೆಂಬುದು ಸರ್ವವಿದಿತ. ಆದರೆ ಸಮವಾಗಿ ಗಿಡಿದ ಮದ್ದು ಸಮವಾಗಿ ಉರಿಯುವುದೆಂಬುದೂ ಇದರ ಫಲವೇ ಆಗಿದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯೊಂದರಲ್ಲಿ ದೊರೆತ ಸಾವಿರಕ್ಕೂ ಮಿಕ್ಕ ಕೊಳವೆಗಳು 23ರಿಂದ 26 ಸೆಂಟಿಮೀಟರ್ ಉದ್ದದವೆಂದು ವರದಿಯಾಯಿತು. ಸುತ್ತಿಗೆಯಿಂದ ಮಾಡಿದ ಕೆಲಸದಲ್ಲಿ ಇಷ್ಟು ಏಕರೂಪತೆ ಅಕಸ್ಮಾತ್ತಾಗಿ ಬರತಕ್ಕದ್ದಲ್ಲ. ಅಳತೆಗೋಲೊಂದು ಕಮ್ಮಾರನ ಬಳಿ ಇದ್ದಿರಲೇಬೇಕು.

ಇನ್ನು ಗರಿಯ ಸ್ಥಾನದಲ್ಲಿ ನಿಂತ ಕೋಲಿನ ವಿಚಾರ. ಇಂಗ್ಲೆಂಡಿನ ವೂಲ್ವಿಚ್ಚಿನ ಸಂಗ್ರಹದ ಎರಡು ಮೈಸೂರು ಬಾಣಗಳನ್ನು ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರ ಪ್ರಬಂಧದಲ್ಲಿ ವಿವರಿಸಿದ್ದಾರೆ. 198 ಮಿಲಿಮೀಟರ್ ಉದ್ದದ ಕೊಳವೆಗೆ 1.9 ಮೀಟರ್ ಬಿದಿರನ್ನೂ, 254 ಮಿಲಿಮೀಟರಿನದಕ್ಕೆ 1.02 ಮೀಟರ್ ಕತ್ತಿಯ ಅಲಗನ್ನೂ ತೊಗಲಿನ ಪಟ್ಟಿಯಿಂದ ಬಿಗಿದಿದೆ. ಹಗುರವಾದ ಬಿದಿರು ನೀಳ, ಭಾರವಾದ ಉಕ್ಕು ಗಿಡ್ಡ. ತೂಕವನ್ನು ಸರಿದೂಗಿಸುವ ಯುಕ್ತಿ ಇಲ್ಲಿ ಸ್ಪಷ್ಟವಾಗಿದೆ. ಕೊಳವೆಯ ವ್ಯಾಸವನ್ನೂ ಗುರಿಯ ದೂರವನ್ನೂ ನೋಡಿ ಎತ್ತರದ ಕೋನವನ್ನು ನಿರ್ಣಯಿಸುವ ಅಭ್ಯಾಸವನ್ನು ಬಾಣಗಾರರಿಗೆ ಕೊಡುತ್ತಿದ್ದರು. ಇಂದು ಆಟದ ಕೋವಿಯಿಂದ ಬಣ್ಣದ ಗುಂಡನ್ನು ಹಾರಿಸುವವರು ನಳಿಗೆಯ ಒಳವ್ಯಾಸಕ್ಕೆ ಹೊಂದುವ ಗುಂಡನ್ನೇ ಆರಿಸಿ, ಪ್ರತಿ ಹೊಡೆತದ ವೇಗವನ್ನೂ ಒಂದೇ ಸಮನಾಗಿಡುವುದೂ ಇದೇ ನ್ಯಾಯದಿಂದ.

ಇಷ್ಟಾದರೂ ಒಂದೊಂದು ಬಾಣವೂ ಅಜಿಹ್ಮಗವಾಗಿತ್ತೆನ್ನುವುದು ಅಭಿಮಾನದ ಮಾತಾದೀತೇ ಹೊರತು ಇತಿಹಾಸವಾಗದು. ಬಿದಿರಿನ ಗೆಣ್ಣುಗಳು ಒಂದರಂತೆ ಒಂದಿರವು, ಕೋಲನ್ನು ಪಕ್ಕಕ್ಕೆ ಕಟ್ಟಿದುದರಿಂದ ತೂಕವು ನಡುಗೆರೆಯಿಂದ ಸರಿಯುತ್ತಿತ್ತು, ಗಾಳಿಯೂ ಕಾಡುತ್ತಿತ್ತು. ಆದುದರಿಂದಲೇ ಬಂಡಿಯ ಮೇಲಿಂದ ಹಲವನ್ನು ಒಟ್ಟಿಗೆ ಬಿಡುವ ಪದ್ಧತಿ ಬಂದಿತೆನ್ನಬೇಕು. 1799ನೆಯ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನಪೇಟೆಯ ತೋಪಿನಲ್ಲಿ ವೆಲ್ಲೆಸ್ಲಿಯ ದಂಡನ್ನು ಕಂಗೆಡಿಸಿದವುಗಳಲ್ಲಿ ಈ ಬಾಣಗಳೂ ಸೇರಿದ್ದವು. ಕತ್ತಲೆಯಲ್ಲಿ ಅಲ್ಲಿ ಗುರಿಯ ಮಾತೇ ಇರಲಿಲ್ಲ.

ಈ ದೋಷವು ಮೈಸೂರಿಗೆ ಮಾತ್ರ ಸೇರಿದುದೂ ಅಲ್ಲ. ಇಲ್ಲಿಯ ಮಾದರಿಗಳಿಂದ ಪ್ರೇರಿತನಾದ ಕಾಂಗ್ರೀವನು ಪಕ್ಕದ ಕೋಲನ್ನು ನಡುವಿಗೆ ತಂದದ್ದು 1815ರಲ್ಲಿ. ಕೋಲನ್ನೇ ಬಿಟ್ಟು, ಹೊಗೆಯನ್ನು ಓರೆಯಾಗಿ ಹೊರಡಿಸಿ, ಬಾಣವನ್ನು ತನ್ನ ಅಚ್ಚಿನ ಮೇಲೆ ತಿರುಗಿಸುವ ಉಪಾಯವನ್ನು ಹೇಲ್ ಎಂಬಾತನು ಕಂಡದ್ದು 1844ರಲ್ಲಿ, ಶ್ರೀರಂಗಪಟ್ಟಣವು ಬಿದ್ದ ನಾಲ್ವತ್ತೈದು ವರ್ಷಗಳ ಮೇಲೆ.