ಮಸ್ಕಿ, ಲಿಂಗಸುಗೂರು ಮತ್ತು ಸಿಂಧನೂರು ಪರಿಸರದ ಪ್ರವಾಸಿ ತಾಣಗಳು

ಮಸ್ಕಿ, ಲಿಂಗಸುಗೂರು ಮತ್ತು ಸಿಂಧನೂರು ಕರ್ನಾಟಕದ ರಾಯಚೂರು ಜಿಲ್ಲೆಯ ಮೂರು ತಾಲ್ಲೂಕು ಕೇಂದ್ರಗಳು. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಭೂಭಾಗವನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆಯುತ್ತವೆ. ಇತಿಹಾಸ ಗ್ರಂಥಗಳಲ್ಲಿ ಇದು ರಾಯಚೂರು ದೋಆಬ್ ಎಂದು ಪ್ರಸಿದ್ಧವಾಗಿದೆ. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಶಿಲಾಶಾಸನ, ಇಂದಿಗೂ ಕೆಲಸ ನಡೆಯುತ್ತಿರುವ ಚಿನ್ನದ ಗಣಿ, ಮುದಗಲ್ಲು ಮತ್ತು ಜಲದುರ್ಗದ ಕೋಟೆಗಳು, ನವಶಿಲಾಯುಗದ ನೆಲೆಗಳು ಇಲ್ಲಿಯ ಮುಖ್ಯ ಆಕರ್ಷಣೆಗಳು. ಹಂಪಿ ಮತ್ತು ಬಾದಾಮಿಗೆ ಬರುವ ಪ್ರವಾಸಿಗರಲ್ಲಿ ಬಹುಪಾಲು ಜನ ಇತ್ತ ತಿರುಗುವುದಿಲ್ಲ. ಇಲ್ಲಿಯ ತಾಣಗಳು ಒಂದೇ ಊರಿನಲ್ಲಿಲ್ಲದೆ ಹಳ್ಳಿಗಳ ನಡುವೆ ಚದುರಿರುವುದು ಇದಕ್ಕೆ ಒಂದು ಕಾರಣವಾಗಿರಬಹುದು.

ಮಸ್ಕಿಯ ಅಶೋಕ ಶಾಸನ

ಚಿನ್ನದ ಅದಿರಿನ ಶೋಧದಲ್ಲಿ ತೊಡಗಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಅವರು 1915ರಲ್ಲಿ ಮಸ್ಕಿಯ ಗುಡ್ಡದ ಬಂಡೆಯೊಂದರ ಮೇಲೆ ಈ ಶಾಸನವನ್ನು ಕಂಡರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಯವರು ಇದನ್ನು ಓದಿ, ಹೈದರಾಬಾದ್ ಪುರಾತತ್ವ ಮಾಲಿಕೆಯ ಮೊದಲ ಪುಸ್ತಕವಾಗಿ ಪ್ರಕಟಿಸಿದರು.

ಈ ಶಾಸನದ ಮಹತ್ವ ತಿಳಿಯಬೇಕಾದರೆ ಅದಕ್ಕಿಂತ ಎಂಟು ದಶಕಗಳ ಹಿಂದಿನ ಸಂಗತಿಯನ್ನು ನೆನೆಯಬೇಕು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಓದುವಲ್ಲಿ ಯಶಸ್ವಿಯಾದಾಗ, ಭಾರತದ ಉದ್ದಗಲಕ್ಕೂ ಹರಡಿದ್ದ ಶಾಸನಗಳನ್ನು ಬರೆಸಿದವನು 'ದೇವಾನಾಂಪಿಯ ಪಿಯದಸಿ' ಎಂಬ ದೊರೆ ಎಂದು ಗೊತ್ತಾಯಿತು. ಇದು ಬಿರುದು, ದೊರೆಯ ಹೆಸರಲ್ಲ. ಪ್ರಿನ್ಸೆಪ್ ಅವನನ್ನು ಮೊದಲಿಗೆ ಸಿಂಹಳದ ಅರಸನೆಂದೇ ಭಾವಿಸಿದ್ದನು. ಸಿಂಹಳದ ಬೌದ್ಧ ಗ್ರಂಥಗಳ ಆಧಾರದಿಂದ ಜಾರ್ಜ್ ಟರ್ನರ್ ಅವರು ಈ ಪಿಯದಸಿ ಮೌರ್ಯ ಚಕ್ರವರ್ತಿ ಅಶೋಕನೇ ಎಂದು ಸೂಚಿಸಿದರು. ಆದರೆ ಕಲ್ಲಿನ ಮೇಲಿನ ಸಾಕ್ಷಿ ದೊರೆತಿರಲಿಲ್ಲ. ಮಸ್ಕಿಯ ಬಂಡೆಯಲ್ಲಿ 'ದೇವಾನಂಪಿಯಸ ಅಸೋಕಸ' ಎಂಬ ಪದಗಳು ಕಂಡುಬಂದಾಗ ಆ ಊಹೆ ನಿಶ್ಚಯವಾಯಿತು.

ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ. ಕೆಲವು ಅಕ್ಷರಗಳು ಸವೆದುಹೋಗಿವೆ. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷ ಕಳೆದಿದೆ, ಸಂಘದ ಸಂಪರ್ಕಕ್ಕೆ ಬಂದ ಮೇಲೆ ಹೆಚ್ಚು ಶ್ರದ್ಧೆಯಿಂದ ನಡೆದುಕೊಂಡಿದ್ದೇನೆ ಎಂದು ಅರಸನು ಇಲ್ಲಿ ಹೇಳಿಕೊಳ್ಳುತ್ತಾನೆ. ಧರ್ಮದ ಈ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಾಮಾನ್ಯನೂ ಪ್ರಯತ್ನಿಸಿದರೆ ಪಡೆಯಬಹುದು ಎಂಬುದು ಮುಂದಿನ ಮಾತಿನ ಸಾರಾಂಶ. ಇಂಥ ಮಾತನ್ನು ರಾಜಧಾನಿ ಪಾಟಲಿಪುತ್ರದಿಂದ ಇಷ್ಟು ದೂರದ ನಾಡಿನಲ್ಲಿ ಏಕೆ ಕೊರೆಸಲಾಯಿತು ಎಂಬ ಪ್ರಶ್ನೆಗೆ ವಿದ್ವಾಂಸರು ಚಿನ್ನದ ಕಡೆಗೆ ಬೆರಳು ತೋರಿಸುತ್ತಾರೆ. ಬ್ರಹ್ಮಗಿರಿಯ ಶಾಸನದಲ್ಲಿ ಬರುವ ಸುವರ್ಣಗಿರಿ ಎಂಬ ಮೌರ್ಯರ ದಕ್ಷಿಣದ ಆಡಳಿತ ಕೇಂದ್ರವನ್ನು ಕೆಲವರು ಮಸ್ಕಿಯ ಪರಿಸರದಲ್ಲಿ, ಮತ್ತೆ ಕೆಲವರು ನೆರೆಯ ಕೊಪ್ಪಳ ಜಿಲ್ಲೆಯ ಕನಕಗಿರಿಯಲ್ಲಿ ಗುರುತಿಸುತ್ತಾರೆ.

ಅಶೋಕನ ಹೆಸರಿರುವ ಶಾಸನ ಮಸ್ಕಿಯಲ್ಲಿ ಮಾತ್ರ ಇದೆ ಎಂಬ ಹೇಳಿಕೆ ಶಾಲಾ ಪುಸ್ತಕಗಳಲ್ಲಿಯೂ ಕಾಣುತ್ತದೆ, ಅದು ಸರಿಯಲ್ಲ. ಮಸ್ಕಿಯದು ಮೊದಲು ದೊರೆತದ್ದು. ಅನಂತರ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳಗಳಲ್ಲಿಯೂ ಆ ಹೆಸರು ಕಂಡುಬಂದಿದೆ. ನಿಟ್ಟೂರು, ಉಡೇಗೋಳಗಳು ಸಿಂಧನೂರು ತಾಲ್ಲೂಕಿನಿಂದ ತುಂಗಭದ್ರೆಯ ಆಚೆಗಿರುವ ಸಿರುಗುಪ್ಪ ಭಾಗದಲ್ಲಿಯೇ ಇವೆ. ಹೀಗೆ ಆ ಹೆಸರು ಉಳಿದಿರುವ ನಾಲ್ಕು ಸ್ಥಳಗಳಲ್ಲಿ ಮೂರು ಈ ಸುತ್ತಿನಲ್ಲಿರುವುದು ಗಮನಾರ್ಹ.

ಮಸ್ಕಿಯ ಉತ್ಖನನಗಳು

ಶಾಸನ ನೋಡಲು ಬಂದವರು ಸುತ್ತಲಿನ ನೆಲವನ್ನೂ ಗಮನಿಸಬೇಕು. ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲಿಯೇ ಇಲ್ಲಿಯ ಪ್ರಾಚೀನ ಅವಶೇಷಗಳನ್ನು ಗುರುತಿಸಿದ್ದರು. 1954ರಲ್ಲಿ ಬಿ.ಕೆ. ಥಾಪರ್ ಅವರು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಪರವಾಗಿ ನಡೆಸಿದ ಉತ್ಖನನದಲ್ಲಿ ನವಶಿಲಾಯುಗ, ಬೃಹತ್ ಶಿಲಾಯುಗ ಮತ್ತು ಆದಿ ಇತಿಹಾಸ ಕಾಲದ ವಸತಿಯ ಪದರಗಳು ಒಂದರ ಮೇಲೊಂದು ಕಂಡುಬಂದವು. ಅಂದರೆ ಮೌರ್ಯರ ಅಧಿಕಾರಿಗಳು ಇಲ್ಲಿಗೆ ಬಂದಾಗ ಊರು ಆಗಲೇ ಹಳೆಯದಾಗಿತ್ತು. ಗುಡ್ಡದ ಮೇಲಿನ ಮಲ್ಲಿಕಾರ್ಜುನ ದೇವಾಲಯ ಇಂದಿನ ಮಸ್ಕಿಯ ಮುಖ್ಯ ಶ್ರದ್ಧಾಕೇಂದ್ರವಾಗಿದೆ.

ಹಟ್ಟಿ ಚಿನ್ನದ ಗಣಿ

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನ ತೆಗೆಯುವ ಕೆಲಸ ಸುಮಾರು ಎರಡು ಸಾವಿರ ವರ್ಷ ಹಳೆಯದು. ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ನೀರು ಹಾಕಿ ಸೀಳಿಸುವ ವಿಧಾನದಿಂದ ಹಿಂದಿನವರು ನೂರಾರು ಅಡಿ ಆಳಕ್ಕೆ ಇಳಿದಿದ್ದರು. ಆಧುನಿಕ ಗಣಿಗಾರಿಕೆ ನಿಜಾಮರ ಆಳ್ವಿಕೆಯಲ್ಲಿ ಆರಂಭವಾಗಿ, ನಡುವೆ ನಿಂತು, 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿಯ ಸ್ಥಾಪನೆಯೊಂದಿಗೆ ಮತ್ತೆ ಚಾಲನೆ ಪಡೆಯಿತು. ಇಂದು ಇದು ಕರ್ನಾಟಕ ಸರ್ಕಾರದ ಒಡೆತನದ ಹಟ್ಟಿ ಚಿನ್ನದ ಗಣಿ ಕಂಪನಿ. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ಮೇಲೆ ದೇಶದ ಪ್ರಮುಖ ಚಿನ್ನದ ಗಣಿ ಎಂಬ ಸ್ಥಾನ ಹಟ್ಟಿಗೆ ಬಂದಿದೆ. ಇದು ಪ್ರವಾಸಿಗರಿಗಾಗಿ ತೆರೆದಿಟ್ಟ ತಾಣವಲ್ಲ; ಗಣಿಯ ಒಳಗೆ ಹೋಗಲು ಕಂಪನಿಯ ಅನುಮತಿ ಬೇಕು.

ಮುದಗಲ್ಲು

ಲಿಂಗಸುಗೂರಿಗೆ ಸಮೀಪದ ಮುದಗಲ್ಲಿನ ಕೋಟೆಗಾಗಿ ನಡೆದಷ್ಟು ಕಾದಾಟ ಈ ಭಾಗದ ಇನ್ನಾವ ಊರಿಗಾಗಿಯೂ ನಡೆದಿಲ್ಲವೆನ್ನಬಹುದು. ದೇವಗಿರಿಯ ಸೇವುಣರ ಕಾಲದಿಂದ ಹೆಸರು ಪಡೆದ ಈ ಊರು, ಬಹಮನಿ ಮತ್ತು ವಿಜಯನಗರ ಅರಸರ ನಡುವೆ ಹಲವು ಬಾರಿ ಕೈ ಬದಲಾಯಿಸಿತು. 1406ರ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗನೊಬ್ಬನ ಮಗಳೇ ಕಾರಣವೆಂದು ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನೆ: ಅವಳ ಚೆಲುವಿನ ಸುದ್ದಿ ಕೇಳಿ ದೇವರಾಯನು ಸೈನ್ಯ ಕಳುಹಿಸಿದನು, ಫಿರೋಜ್ ಷಾ ಬಹಮನಿ ಅದಕ್ಕೆ ಪ್ರತಿಯಾಗಿ ದಂಡೆತ್ತಿ ಬಂದನು, ಕೊನೆಗೆ ಆಕೆಯ ಮದುವೆ ಸುಲ್ತಾನನ ಮಗನೊಂದಿಗೆ ನಡೆಯಿತು. ಕಥೆ ಸೊಗಸಾಗಿದೆ. ಆದರೆ ಎರಡು ನದಿಗಳ ನಡುವಿನ ಫಲವತ್ತಾದ ನೆಲ ಮತ್ತು ಕೋಟೆಗಳ ಒಡೆತನವೇ ಈ ಯುದ್ಧಗಳ ನಿಜವಾದ ಕಾರಣವೆಂಬುದರಲ್ಲಿ ಸಂಶಯವಿಲ್ಲ. 1565ರ ರಕ್ಕಸ-ತಂಗಡಿ ಯುದ್ಧಕ್ಕೆ ಮುನ್ನ ಬಿಜಾಪುರದ ಆದಿಲ್ ಷಾ ಹಿಂದಿರುಗಿಸುವಂತೆ ಕೇಳಿದ ಕೋಟೆಗಳಲ್ಲಿ ರಾಯಚೂರಿನೊಡನೆ ಮುದಗಲ್ಲೂ ಇತ್ತು.

ಅಗಲವಾದ ಕಂದಕ, ಎರಡು ಸುತ್ತಿನ ಗೋಡೆ, ಕೊತ್ತಳಗಳು ಮತ್ತು ಬಾಗಿಲುಗಳನ್ನು ಇಂದಿಗೂ ನೋಡಬಹುದು. ಮುದಗಲ್ಲಿನ ಮೊಹರಂ ಇನ್ನೊಂದು ಆಕರ್ಷಣೆ. ಹುಸೇನಿ ಆಲಂ ದರ್ಗಾದಲ್ಲಿ ನಡೆಯುವ ಈ ಆಚರಣೆಗೆ ಹಿಂದೂಗಳೂ ಮುಸ್ಲಿಮರೂ ದೂರದ ಊರುಗಳಿಂದ ಬಂದು ಹರಕೆ ತೀರಿಸುತ್ತಾರೆ. ಆ ದಿನಗಳಲ್ಲಿ ಬಂದವರಿಗೆ ಕೋಟೆಗಿಂತ ಜನರೇ ಹೆಚ್ಚು ಕಾಣುತ್ತಾರೆ.

ಪಿಕ್ಲಿಹಾಳ ಮತ್ತು ಜಲದುರ್ಗ

ಮುದಗಲ್ಲಿನ ಬಳಿಯ ಪಿಕ್ಲಿಹಾಳದಲ್ಲಿ ಎಫ್.ಆರ್. ಆಲ್ಚಿನ್ ಅವರು 1952ರಲ್ಲಿ ಉತ್ಖನನ ನಡೆಸಿದರು. ನವಶಿಲಾಯುಗದ ದನಗಾಹಿಗಳ ವಸತಿಯ ಕುರುಹುಗಳು ಮತ್ತು ಬಂಡೆಗಳ ಮೇಲಿನ ಗೂಳಿಯ ಚಿತ್ರಗಳು ಇಲ್ಲಿವೆ. ಈ ಭಾಗದ ಬೂದಿದಿಬ್ಬಗಳು ದನದ ದೊಡ್ಡಿಯಲ್ಲಿ ರಾಶಿಯಾದ ಸಗಣಿಯನ್ನು ಸುಟ್ಟಿದ್ದರಿಂದ ಆದವು ಎಂಬ ವಿವರಣೆಯನ್ನು ಆಲ್ಚಿನ್ ಬಲಪಡಿಸಿದರು. ಅದಕ್ಕೆ ಮುಂಚೆ ಜನಪದರು ತಮ್ಮದೇ ವಿವರಣೆ ಕೊಟ್ಟುಕೊಂಡಿದ್ದರು. ಹಂಪಿಯ ಬಳಿಯ ನಿಂಬಾಪುರದ ಬೂದಿದಿಬ್ಬವನ್ನು ಇಂದಿಗೂ ವಾಲಿಯ ಚಿತೆಯ ಬೂದಿ ಎನ್ನುತ್ತಾರೆ.

ಜಲದುರ್ಗವು ಕೃಷ್ಣೆಯ ನಡುಗಡ್ಡೆಯ ಮೇಲಿನ ಕೋಟೆ. ಮೇಲಿನ ನಾರಾಯಣಪುರ ಅಣೆಕಟ್ಟೆಯಿಂದ ನೀರು ಬಿಟ್ಟ ಮಳೆಗಾಲದ ದಿನಗಳಲ್ಲಿ ದೃಶ್ಯ ರಮ್ಯವಾಗಿರುತ್ತದೆ. ಆದರೆ ಆಗ ನದಿಯ ದಂಡೆಗೆ ಇಳಿಯುವುದು ಅಪಾಯಕರ.

ಸಿಂಧನೂರು

ಸಿಂಧನೂರಿನ ಆಕರ್ಷಣೆ ಸ್ಮಾರಕಗಳಲ್ಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಜೋಳ ಮತ್ತು ಹತ್ತಿಯ ಒಣನೆಲ ಭತ್ತದ ಗದ್ದೆಯಾಯಿತು. ಆಂಧ್ರದ ಕರಾವಳಿಯಿಂದ ಬಂದ ರೈತರು ಕಟ್ಟಿದ ಕ್ಯಾಂಪುಗಳು ಊರುಗಳಾಗಿವೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಪುನರ್ವಸತಿ ಕಲ್ಪಿಸಿದ ಆರ್.ಎಚ್. ಕ್ಯಾಂಪುಗಳೂ ಇಲ್ಲಿವೆ. ದಸರೆಯ ಸಮಯದಲ್ಲಿ ಅಲ್ಲಿಗೆ ಹೋದವರು ಬಂಗಾಳದ ರೀತಿಯ ದುರ್ಗಾಪೂಜೆಯನ್ನು ನೋಡಬಹುದು. ತಾಲ್ಲೂಕಿನ ಅಂಬಾಮಠವು ಚಿದಾನಂದ ಅವಧೂತರ ಹೆಸರಿನೊಂದಿಗೆ ಸೇರಿಕೊಂಡಿರುವ ದೇವೀಕ್ಷೇತ್ರ. ಬನದ ಹುಣ್ಣಿಮೆಯ ಜಾತ್ರೆಗೆ ಅಪಾರ ಜನ ಸೇರುತ್ತಾರೆ.

ತಲುಪುವ ಬಗೆ

ಜೇವರ್ಗಿಯಿಂದ ದಕ್ಷಿಣಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 150ಎ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಇದೇ ಕ್ರಮದಲ್ಲಿ ಜೋಡಿಸುತ್ತದೆ. ಮೂರೂ ಊರುಗಳಿಗೆ ಸಾರಿಗೆ ಸಂಸ್ಥೆಯ ಬಸ್ಸುಗಳಿವೆ. ಗಿಣಿಗೇರಾ–ಮಹಬೂಬ್‌ನಗರ ರೈಲು ಮಾರ್ಗದ ಕಾಮಗಾರಿ ಹಂತಹಂತವಾಗಿ ಸಾಗಿ, 2024ರಲ್ಲಿ ಸಿಂಧನೂರಿಗೆ ರೈಲು ಬಂದಿತು. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ನವೆಂಬರ್‌ನಿಂದ ಫೆಬ್ರವರಿಯವರೆಗಿನ ಕಾಲ ಸೂಕ್ತ. ಸವೆದ ಶಾಸನದ ಅಕ್ಷರಗಳು ನಡುಹಗಲಿಗಿಂತ ಬೆಳಗಿನ ಅಥವಾ ಸಂಜೆಯ ಓರೆ ಬೆಳಕಿನಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ.